ಮುಂದಿನ ಕೋಣೆಯ ಬೆಲೆ

ರಾಯಚೂರು
15 ಜನವರಿ 2024

ಮಿನಾಜ್,

ನಿನ್ನೆ ದೇವದುರ್ಗಕ್ಕೆ ಹೋಗಿ ನಿಮ್ಮ ಮನೆಯ ಮಾತು ಮುಗಿಸಿ ಬಂದೆವು. ನಿನ್ನ ತಮ್ಮ ಜಹೀರ್ ಮೊಬೈಲಿನಲ್ಲಿ ತಿಳಿಸಿರುತ್ತಾನೆ. ಆದರೆ ಅವನು ಬೆಲೆಯೊಂದನ್ನೇ ಬರೆದಿರುತ್ತಾನೆ, ಉಳಿದದ್ದನ್ನು ನಾನು ಬರೆಯುತ್ತೇನೆ. ಫೋನಿನಲ್ಲಿ ನಿನ್ನ ಕಿವಿಗೆ ಸದ್ದು ಬರುತ್ತದೆ, ಮಾತು ಬರುವುದಿಲ್ಲ. ನನಗೆ ಮೆಸೇಜಿನಲ್ಲಿ ಏನನ್ನೂ ಸರಿಯಾಗಿ ಹೇಳಲು ಬರುವುದಿಲ್ಲ. ನೀನು ಮದುವೆಯಾಗಿ ಮಾನ್ವಿಗೆ ಹೋದಾಗಿನಿಂದ ಈ ಕಾಗದದ ರೂಢಿ ನಮಗೆ ಉಳಿದುಕೊಂಡಿದೆ, ಇರಲಿ.

ಜಹೀರ್ ಬೀಗ ತೆಗೆದು ಒಳಗೆ ಕರೆದುಕೊಂಡು ಹೋದ. ನಿಮ್ಮಮ್ಮ ಬಡೇಬೀ ತೀರಿಹೋದ ಮೇಲೆ ಅಡುಗೆಮನೆಯಲ್ಲಿ ಇಲಿ ಸೇರಿವೆ. ಹಿಂದಿನ ಎರಡು ಸ್ಲ್ಯಾಬಿನ ಕೋಣೆಗಳು ಗಟ್ಟಿಯಾಗಿವೆ. ಮುಂದಿನ ಭಾಗ ಅದೇ ಕಲ್ಲಿನ ಗೋಡೆ, ಅದೇ ಮಣ್ಣಿನ ಮಾಳಿಗೆ. ನಮ್ಮವರು ಇಪ್ಪತ್ತು ಲಕ್ಷದಿಂದ ಶುರು ಮಾಡಿದರು.

"ಬಸವಪ್ರಸಾದ ಭಾವಾರ, ನೀವು ರೈಸ್ ಮಿಲ್ಲಿನ ಲೆಕ್ಕ ಬರಿಯೋರು. ನಿಮ್ಮ ಕೂಡ ನಾ ಎಲ್ಲಿ ಗೆಲ್ಲಲಿ," ಎಂದ ಜಹೀರ್. "ಇಪ್ಪತ್ತೈದು."

"ಜಹೀರಾ, ಚಡ್ಡಿ ಇಲ್ದ ನಮ್ಮ ಕಟ್ಟಿ ಮ್ಯಾಲ ಕುಂತು ರೊಟ್ಟಿ ತಿಂದೀದಿ. ಅದರದು ಒಂದು ಲಕ್ಷ ಕಡಿಮಿ ಮಾಡು," ಎಂದೆ ನಾನು.

"ಆ ರೊಟ್ಟಿ ಅಷ್ಟು ತುಟ್ಟಿ ಅಂತ ಗೊತ್ತಿದ್ರ ತಿಂತಿದ್ದಿಲ್ಲಕ್ಕಾ," ಎಂದು ಅವನು ಕೈ ಮುಂದೆ ಚಾಚಿದ. ಇಪ್ಪತ್ತುನಾಲ್ಕು ಲಕ್ಷಕ್ಕೆ ನಿಂತಿತು.

ದಿನಾ ಬೆಳಿಗ್ಗೆ ರಾಯಚೂರಿನಿಂದ ಬಸ್ಸು ಹಿಡಿದು ದೇವದುರ್ಗದ ಆಸ್ಪತ್ರೆಗೆ ಹೋಗಿ, ಡ್ಯೂಟಿ ಮುಗಿಸಿ ಮತ್ತೆ ಬಸ್ಸು ಹಿಡಿದು ಬರುವುದು ಇನ್ನು ನನ್ನಿಂದ ಆಗುವುದಿಲ್ಲ. ಮೊನ್ನೆ ಮಸರಕಲ್ ಹತ್ತಿರ ಬಸ್ಸು ಕೆಟ್ಟು ನಿಂತಾಗ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ಇದೇ ಕೊನೆ ವರ್ಷ ಅಂದುಕೊಂಡೆ. ಎದುರಿನ ನಮ್ಮ ತವರುಮನೆಯನ್ನು ಅಣ್ಣ ಮಾರಿಕೊಂಡ. ನಿಮ್ಮ ಮನೆಯಾದರೂ ನನಗೆ ಸಿಗುತ್ತಿದೆ.

ಕೈಯಲ್ಲಿ ಆರು ಲಕ್ಷವಿದೆ, ಉಳಿದ ಹದಿನೆಂಟು ಬ್ಯಾಂಕಿನಿಂದ. ಅವರ ಎಂಜಿನಿಯರ್ ಬಂದು ನೋಡಿ ಮನೆ ಎಷ್ಟು ಬೆಲೆ ಬಾಳುತ್ತದೆ ಎಂದು ಬರೆದುಕೊಡಬೇಕು, ಅದರ ಮುಕ್ಕಾಲು ಭಾಗ ಸಾಲ. "ಅದೊಂದು ಶಾಸ್ತ್ರ ರೀ ಮೇಡಂ," ಎಂದ ಅಲ್ಲಿಯ ಕ್ಲಾರ್ಕು.

ನಿನ್ನ
ಸುನಂದಾ

*

ಮಾನ್ವಿ
27 ಜನವರಿ 2024

ಪ್ರೀತಿಯ ಸುನಂದಾ,

ನಿನ್ನ ಕಾಗದ ಓದಿ ಮಡಚಿಟ್ಟೆ, ಮತ್ತೆ ತೆಗೆದು ಓದಿದೆ. ಅಪ್ಪನ ಮನೆ ಹೊರಗಿನವರ ಕೈಗೆ ಹೋಗುವುದಿಲ್ಲ ಎಂಬುದು ಒಂದು ಸಮಾಧಾನ. ಇನ್ನೊಂದನ್ನು ನಿನಗೆ ಹೇಳಿರಲಿಲ್ಲ. ಮಾತು ಗಟ್ಟಿಯಾಗುವ ತನಕ ಹೇಳಬಾರದು ಅಂತ ಸುಮ್ಮನಿದ್ದೆ.

ನಾನು ಬಾಡಿಗೆಗಿರುವ ಈ ಮನೆಯನ್ನು ಅಕ್ಬರಿ ಬೇಗಂ ಮಾರುತ್ತಿದ್ದಾರೆ. ಮಗಳಿರುವ ಸಿಂಧನೂರಿಗೆ ಹೋಗಿ ಇರುತ್ತಾರಂತೆ. ಬೇರೆಯವರನ್ನು ಕೇಳುವ ಮೊದಲು ನನ್ನನ್ನು ಕೇಳಿದರು. "ತುಮ್ಹಾರಾ ಹಾಥ್ ಲಗಾ ಹೈ ಇಸ್ ಘರ್ ಕೋ," ಅಂದರು, ನಿನ್ನ ಕೈ ಹತ್ತಿದ ಮನೆ ಅಂತ. ಒಂಬತ್ತು ಲಕ್ಷ ಹೇಳಿದ್ದಾರೆ. ಒಂದು ಲಕ್ಷ ಮುಂಗಡ ಕೊಟ್ಟು ಕರಾರು ಬರೆಸಿದ್ದೇನೆ. ನನ್ನ ಬಂಗಾರದ ಬಳೆ ಈಗ ಇಲ್ಲ. ಉಳಿದ ಎಂಟನ್ನು ರಂಜಾನ್ ಹಬ್ಬದೊಳಗೆ ಕೊಡಬೇಕು. ಅಪ್ಪನ ಮನೆಯಲ್ಲಿ ಜಹೀರನದು ಎರಡು ಪಾಲು, ನನ್ನದು ಒಂದು. ಇಪ್ಪತ್ತುನಾಲ್ಕರಲ್ಲಿ ನನಗೆ ಬರುವುದು ಎಂಟು. ಲೆಕ್ಕ ಇಷ್ಟು ಸರಿಯಾಗಿ ಕೂಡಿಬರುವುದು ನನ್ನ ಬದುಕಿನಲ್ಲಿ ಮೊದಲು.

ನಮ್ಮವರು ತೀರಿಕೊಂಡ ಮೇಲೆ ಬಾಡಿಗೆ ಮನೆ ಬದಲಿಸುತ್ತಲೇ ಬಂದೆ. ಒಬ್ಬರಿಗೆ ಹೊಲಿಗೆ ಮಷೀನಿನ ಸದ್ದು ಆಗಲಿಲ್ಲ. ಇನ್ನೊಬ್ಬರಿಗೆ ಬಟ್ಟೆ ಹೊಲಿಸಲು ಬರುವ ಹೆಂಗಸರು ಜಾಸ್ತಿ ಅನ್ನಿಸಿತು. ಮತ್ತೊಬ್ಬರು ಏನೂ ಹೇಳಲಿಲ್ಲ, ನಳದ ಪೈಪು ತೆಗೆಸಿಬಿಟ್ಟರು. ಇಲ್ಲಿ ಎರಡೇ ಕೋಣೆ, ಹಿಂದೆ ಬಚ್ಚಲು, ಬಾಗಿಲ ಮುಂದೆ ಒಂದು ಬೇವಿನ ಗಿಡ. ಕಿಟಕಿ ಪೂರ್ವಕ್ಕಿದೆ. ಕಿಟಕಿಯ ಕೆಳಗೆ ಮಷೀನು ಇಟ್ಟರೆ ಮಧ್ಯಾಹ್ನದವರೆಗೆ ದೀಪ ಬೇಡ. ಈಗ ಮಷೀನು ಆಚೆ ಮೂಲೆಯಲ್ಲಿದೆ. ಮನೆ ನನ್ನ ಹೆಸರಿಗಾದ ದಿನ ಇಲ್ಲಿಗೆ ತರುತ್ತೇನೆ ಅಂತ ಬಿಟ್ಟಿದ್ದೇನೆ.

ನೀನು ನಗಬೇಡ.

ನಿನ್ನ
ಮಿನಾಜ್

*

ರಾಯಚೂರು
18 ಫೆಬ್ರವರಿ 2024

ಪ್ರೀತಿಯ ಮಿನಾಜ್,

ನಗಲಿಲ್ಲ. ನಮ್ಮವರಿಗೂ ಹೇಳಿದೆ. "ಹಂಗಾದ್ರ ಎರಡು ಮನಿ ಒಂದಕ್ಕೊಂದು ಗಂಟು ಬಿದ್ದಂಗಾತು," ಎಂದರು.

ಬುಧವಾರ ಬ್ಯಾಂಕಿನ ಎಂಜಿನಿಯರ್ ಬಂದಿದ್ದರು. ಅಂಬಣ್ಣ ಅಂತ, ಮೆತ್ತಗೆ ಮಾತಾಡುವ ಮನುಷ್ಯ. ಜಹೀರನಿಗೆ ರಾಯಚೂರಿನಲ್ಲಿ ಅಂಗಡಿ ಬಿಟ್ಟು ಬರಲಾಗಲಿಲ್ಲ, ಬೀಗದ ಕೈ ನನ್ನ ಹತ್ತಿರ ಕೊಟ್ಟಿದ್ದ. ಅವರು ಹಿಂದಿನ ಕೋಣೆಗಳನ್ನು ಅಳೆದರು, ಗೋಡೆ ಬಡಿದು ನೋಡಿದರು, ಫೋಟೊ ತೆಗೆದುಕೊಂಡರು. ಮುಖ ನೋಡಿದರೆ ಮನೆ ಅವರಿಗೆ ಹಿಡಿಸಿದಂತೆ ಕಾಣಲಿಲ್ಲ. ಮಾಳಿಗೆಯ ಮಣ್ಣನ್ನು ಬೆರಳಿನಿಂದ ಕೆರೆದು ಕೈ ಒರೆಸಿಕೊಂಡರು. ನನಗೆ ತಡೆಯಲಾಗಲಿಲ್ಲ. ಬರೀ ಕಲ್ಲು ಮಣ್ಣು ನೋಡಿ ಹೋಗುತ್ತಾರಲ್ಲ ಅಂತ ಓಣಿಗೆ ಬಾಗಿಲಿರುವ ಆ ಮುಂದಿನ ಕೋಣೆ ತೆಗೆದೆ. ಪೆಟ್ಟಿಗೆಯನ್ನೂ ತೋರಿಸಿದೆ. ಮೊಹರಂ ಬಂದರೆ ಈ ಮನೆಯವರು ಪೀರರ ಹಸ್ತದ ಪಂಜಾಗಳನ್ನು ಪೆಟ್ಟಿಗೆಯಿಂದ ತೆಗೆದು ಇಲ್ಲಿ ನಿಲ್ಲಿಸುತ್ತಾರೆ, ಹತ್ತು ದಿನ ಇದು ಪೀರಲ ದೇವರ ಕೋಣೆ, ಓಣಿಯವರೆಲ್ಲ ಇಲ್ಲಿಗೇ ಬಂದು ಸಕ್ಕರೆ ಇಟ್ಟು ಪ್ರಾರ್ಥನೆ ಓದಿಸುತ್ತಾರೆ ಎಂದು ಹೇಳಿದೆ. ಅವರು ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದರು.

ಅಷ್ಟರಲ್ಲಿ ಮಹಾಂತಯ್ಯ ಕಾಕಾ ಬಂದರು. ಅವರ ಹಿಂದೆ ಯಂಕಮ್ಮ. ಆಮೇಲೆ ಅರ್ಧ ಓಣಿ.

"ನಮ್ಮಪ್ಪ ಮಠದಯ್ಯ ಆಗಿ ಇಲ್ಲಿ ಫಕೀರ ಆಗ್ತಿದ್ದ ರೀ ಸಾಹೇಬ್ರ," ಎಂದರು ಕಾಕಾ. "ಕೊಳ್ಳಾಗ ಲಿಂಗ, ಕೈಯಾಗ ಕೆಂಪು ದಾರ. ಮೀರಾಹುಸೇನ ಸಾಬ್ರು ಇದ್ದಾಗ ಯಾರಿಗೂ ಇಲ್ಲಿ ಬರಬ್ಯಾಡ ಅಂದಾವ್ರಲ್ಲ."

"ಈಗೂ ಮಂದಿ ಬರ್ತಾರೇನ್ರಿ?" ಎಂದರು ಅಂಬಣ್ಣನವರು.

"ಈಗೂ ಅಂದ್ರ? ಅವರ ಮಗ ಜಹೀರ ಹಬ್ಬಕ್ಕ ಬಂದು ಬಾಗಲ ತೆಗೀತಾನ. ಇಡೀ ಓಣಿ ಬರ್ತದ."

"ಮನಿ ಮಾರಿದ ಮ್ಯಾಲ?"

ಯಂಕಮ್ಮ ನನ್ನ ಕಡೆ ನೋಡಿದಳು. ಎಲ್ಲರೂ ನೋಡಿದರು.

"ಮನಿ ತೊಗೊಂಡ ಮ್ಯಾಲ ನಾ ಬಾಗಲ ತೆಗೀತೀನಿ," ಎಂದೆ.

ಯಂಕಮ್ಮ ನನ್ನ ಗಲ್ಲ ಹಿಡಿದು, ದೃಷ್ಟಿ ತೆಗೆದು ಲಟಕಿ ಮುರಿದಳು. ಅಂಬಣ್ಣನವರು ಎಲ್ಲವನ್ನೂ ಬರೆದುಕೊಂಡರು, ಆ ಕೋಣೆಯನ್ನು ಬೇರೆಯಾಗಿ ಅಳೆದರು, ಓಣಿಯ ಕಡೆಯಿಂದ ಅದರ ಬಾಗಿಲಿನ ಫೋಟೊ ತೆಗೆದರು. ಹೋಗುವಾಗ ಕಾಕಾಗೆ ಕೈಮುಗಿದರು. ಮನೆಯ ಬೆಲೆ ಅವರಿಗೆ ಈಗ ತಿಳಿಯಿತು ಅಂತ ನನಗೆ ಸಮಾಧಾನವಾಯಿತು.

ಪೆಟ್ಟಿಗೆಯ ವಿಷಯ ನೀನೂ ಜಹೀರನೂ ಹೇಳಿದಂತೆ. ಇಲ್ಲೇ ಇದ್ದರೂ ನನಗೆ ಭಾರವಲ್ಲ.

ನಿನ್ನ
ಸುನಂದಾ

*

ಮಾನ್ವಿ
26 ಫೆಬ್ರವರಿ 2024

ಸುನಂದಾ,

ಕಾಗದ ಬಂತು. ಮಹಾಂತಯ್ಯ ಕಾಕಾ ಇನ್ನೂ ಗಟ್ಟಿಯಾಗಿದ್ದಾರೆ ಎಂದು ತಿಳಿದು ಖುಷಿಯಾಯಿತು.

ಅಂಬಣ್ಣನವರು ಆ ಕೋಣೆಯನ್ನು ಬೇರೆಯಾಗಿ ಅಳೆದದ್ದು ಯಾಕೆ ಅಂತ ನೀನು ಕೇಳಿದೆಯಾ? ಕೇಳಿರಲಿಕ್ಕಿಲ್ಲ. ಬರೆದುಕೊಂಡದ್ದನ್ನು ತೋರಿಸುವುದೂ ಇಲ್ಲವೇನೋ. ಕಾಕಾ ಹೇಳಿದ್ದೆಲ್ಲ ನಿಜ. ನೀನು ಹೇಳಿದ್ದೂ ನಿಜವೇ ಆಗುತ್ತದೆ, ನನಗೆ ಗೊತ್ತು.

ಇಲ್ಲಿ ಮದುವೆ ದಿನಗಳು, ಕೆಲಸ ಬಹಳ. ನಿನ್ನೆ ಅಕ್ಬರಿ ಬೇಗಂ ಬಂದು ಕೂತು ಚಹಾ ಕುಡಿದು ಹೋದರು. ದುಡ್ಡಿನ ಮಾತು ಎತ್ತಲಿಲ್ಲ. ಎತ್ತಬಾರದೆಂದೇ ಬಂದವರಂತೆ ಕೂತಿದ್ದರು. ಬ್ಯಾಂಕಿನವರು ಏನೆಂದರು ಎಂದು ತಿಳಿದ ಕೂಡಲೇ ಬರೆ.

ಮಿನಾಜ್

*

ರಾಯಚೂರು
13 ಮಾರ್ಚ್ 2024

ಪ್ರೀತಿಯ ಮಿನಾಜ್,

ಈ ಕಾಗದವನ್ನು ಎರಡು ಸಲ ಬರೆದು ಹರಿದೆ. ಬ್ಯಾಂಕಿನ ಎಂಜಿನಿಯರ್ ನಿಮ್ಮ ಮನೆಗೆ ಹದಿನಾಲ್ಕು ಲಕ್ಷ ಬರೆದಿದ್ದಾರೆ.

ಮ್ಯಾನೇಜರ್ ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು. ನೆಲಕ್ಕೆ ಒಂದು ಬೆಲೆ, ಕಟ್ಟಡಕ್ಕೆ ಒಂದು ಬೆಲೆ. ಕಟ್ಟಡಕ್ಕೆ ವಯಸ್ಸಾದ ಹಾಗೆ ಬೆಲೆ ಇಳಿಯುತ್ತದೆ, ಮಣ್ಣಿನ ಮಾಳಿಗೆಗೆ ಏನೂ ಇಲ್ಲ. ನೆಲದ ಬೆಲೆಗೆ ಅಕ್ಕಪಕ್ಕದಲ್ಲಿ ಮಾರಾಟವಾದ ಮನೆಗಳ ನೋಂದಣಿ ನೋಡುತ್ತಾರಂತೆ. ನಮ್ಮ ಓಣಿಯಲ್ಲಿ ಕೊಟ್ಟದ್ದನ್ನು ಪೂರ್ತಿ ಬರೆಸಿದವರು ಯಾರಿದ್ದಾರೆ? ನಮ್ಮಣ್ಣನೇ ಅರ್ಧ ಬರೆಸಿದ್ದಾನೆ. ಇಷ್ಟಾದರೂ ಹತ್ತೊಂಬತ್ತು ಇಪ್ಪತ್ತಕ್ಕೆ ನಿಲ್ಲುತ್ತಿತ್ತು. ಉಳಿದದ್ದು ಮುಂದಿನ ಕೋಣೆಯಿಂದ ಹೋಯಿತು. ಆ ಕೋಣೆಯ ನೆಲವನ್ನು ಲೆಕ್ಕಕ್ಕೇ ಹಿಡಿದಿಲ್ಲ. ಸಾರ್ವಜನಿಕರು ಬಳಸುವ ಜಾಗ ಎಂದು ಬರೆದು, ಅದಿರುವ ಕಾರಣಕ್ಕೆ ಉಳಿದ ಮನೆಗೂ ಕಡಿತ ಹಾಕಿದ್ದಾರೆ.

"ಮೇಡಂ, ನೀವು ಸಾಲ ಕಟ್ಟಲಿಲ್ಲ ಅಂತ ತಿಳೀರಿ," ಎಂದರು ಮ್ಯಾನೇಜರ್. "ನಾವು ಮನಿ ಹರಾಜಿಗೆ ಹಾಕಬೇಕಾಗ್ತದ. ಆವಾಗ ಓಣಿ ಮಂದಿ ಬಂದು ಇದು ನಮ್ಮ ದೇವ್ರ ಜಾಗ ಅಂತ ನಿಂತ್ರ?"

"ಹಂಗ ಯಾರೂ ನಿಲ್ಲಂಗಿಲ್ರಿ."

"ಬರ್ತಾರ ಅಂತ ಅವರ ಹೇಳ್ಯಾರ. ಬಾಗಲ ತೆಗೀತೀನಿ ಅಂತ ನೀವ ಹೇಳೀರಿ."

ಹದಿನಾಲ್ಕರ ಮುಕ್ಕಾಲು ಹತ್ತೂವರೆ. ನಮ್ಮ ಆರು ಸೇರಿಸಿದರೂ ಏಳೂವರೆ ಲಕ್ಷ ಕಡಿಮೆ ಬೀಳುತ್ತದೆ.

ಒಂದು ದಾರಿ ಇದೆಯಂತೆ. ಓಣಿಯ ಹಿರಿಯರು ಆ ಕೋಣೆ ಖಾಸಗಿಯದು, ಅದರ ಮೇಲೆ ಯಾರದೂ ಹಕ್ಕಿಲ್ಲ ಎಂದು ಬರೆದು ಸಹಿ ಹಾಕಿಕೊಟ್ಟರೆ, ಪಂಜಾಗಳನ್ನು ಬೇರೆ ಕಡೆ ಸಾಗಿಸಿದರೆ, ಮತ್ತೊಮ್ಮೆ ಅಳೆಸಬಹುದು. ಆಗಲೂ ಇಪ್ಪತ್ತರ ಹತ್ತಿರ ಬಂದೀತು.

ದಾರಿಯಲ್ಲಿ ನಮ್ಮವರು ಒಂದು ಮಾತು ಅಂದರು. ಅದನ್ನೂ ಬರೆಯುತ್ತೇನೆ, ಮುಚ್ಚಿಡುವುದು ಸರಿಯಲ್ಲ. "ಬ್ಯಾಂಕಿನವ್ರ ಹದಿನಾಕು ಅಂದ ಮ್ಯಾಲ ನಾವ್ಯಾಕ ಇಪ್ಪತ್ನಾಕು ಕೊಡಬೇಕು? ನಮಗ ನಾಳಿ ಮಾರೂ ಪಾಳಿ ಬಂದ್ರ ಯಾರು ಕೊಡ್ತಾರ?" ಅಂದರು. ಅವರು ಕೆಟ್ಟವರಲ್ಲ, ನಿನಗೆ ಗೊತ್ತು. ಜಹೀರ್ ಸ್ವಲ್ಪ ಇಳಿಯುತ್ತಾನಾ ಎಂದು ನೀನು ಒಂದು ಮಾತು ಕೇಳಿ ನೋಡುತ್ತೀಯಾ? ಹದಿನೇಳು ಹದಿನೆಂಟಾದರೆ ಹೇಗಾದರೂ ಮಾಡಬಹುದು.

ನಿನ್ನ
ಸುನಂದಾ

*

ಮಾನ್ವಿ
21 ಮಾರ್ಚ್ 2024

ಸುನಂದಾಳಿಗೆ,

ರೋಜಾ ಉಪವಾಸ ಇದ್ದೇನೆ, ಸಿಟ್ಟಿನಲ್ಲಿ ಬರೆಯಬಾರದು ಎಂದು ಮೂರು ದಿನ ತಡೆದೆ.

ಜಹೀರನನ್ನು ಕೇಳಿದೆ. ಅವನು ಕೇಳಿದ್ದಿಷ್ಟು: ಕೈ ಮೇಲೆ ಕೈ ಹಾಕಿ ಮಾತು ಮುಗಿಸಿದಾಗ ಮನೆಗೆ ವಯಸ್ಸಾಗಿರಲಿಲ್ಲವಾ? ಮಾಳಿಗೆ ಮಣ್ಣಿನದು ಅಂತ ಭಾವ ಅವರಿಗೆ ಕಾಣಲಿಲ್ಲವಾ? ಇದಕ್ಕೆ ಉತ್ತರ ನಿನಗೆ ತೋಚಿದರೆ ಬರೆ.

ಹದಿನೆಂಟಾದರೆ ನನ್ನ ಪಾಲಿಗೆ ಆರು. ಹದಿನಾಲ್ಕಾದರೆ ಐದೂ ಇಲ್ಲ. ಅಕ್ಬರಿ ಬೇಗಂಗೆ ನಾನು ಹೋಗಿ ಏನೆನ್ನಲಿ? ದೇವದುರ್ಗದಲ್ಲಿ ಒಬ್ಬರು ಎಂಜಿನಿಯರು ನಮ್ಮಪ್ಪನ ಮನೆಯನ್ನು ಅಳೆದರು, ಅದಕ್ಕೆ ನಿಮ್ಮ ಮನೆಯ ಬೆಲೆ ಇಳಿಸಿ ಎನ್ನಲೇ? ಅವರ ಮನೆಯಲ್ಲಿ ಏನೂ ಇಳಿದಿಲ್ಲ.

ಆ ಕೋಣೆ ತೋರಿಸು ಎಂದು ನಿನಗೆ ಯಾರೂ ಹೇಳಿರಲಿಲ್ಲ. ನಾನಿದ್ದಿದ್ದರೆ ಆ ದಿನ ಬೀಗ ಹಾಕಿ, ಹಳೇ ಸಾಮಾನು ತುಂಬಿದೆ ಎನ್ನುತ್ತಿದ್ದೆ. ನೀನು ಪ್ರೀತಿಯಿಂದಲೇ ತೋರಿಸಿದೆ. ಅದಕ್ಕೇ ನನಗೆ ನಿನ್ನ ಮೇಲೆ ಕೂಗಾಡಲೂ ಆಗುತ್ತಿಲ್ಲ.

ಪಂಜಾಗಳನ್ನು ಜಹೀರ್ ಬಂದು ತೆಗೆದುಕೊಂಡು ಹೋಗುತ್ತಾನೆ. ಮಸೀದಿಯ ಪಕ್ಕದ ಆಶೂರ್‌ಖಾನಾದಲ್ಲಿ ಇಡಲು ಒಪ್ಪಿದ್ದಾರೆ. ಅಪ್ಪನ ಕೈಯಲ್ಲಿದ್ದವು, ಇರಲಿ. ಸಹಿಯ ಕೆಲಸ ನಿನ್ನದು. ಕಾಕಾ ನಿನ್ನ ಮಾತು ತೆಗೆದುಹಾಕುವುದಿಲ್ಲ. ಇಪ್ಪತ್ತಾದರೂ ಬರೆದರೆ ಉಳಿದ ಕೊರತೆಯನ್ನು ನಾನೂ ಜಹೀರನೂ ಎಲ್ಲಿಂದಾದರೂ ನೋಡುತ್ತೇವೆ. ಹಬ್ಬ ಏಪ್ರಿಲ್ ಹತ್ತಕ್ಕೋ ಹನ್ನೊಂದಕ್ಕೋ. ಅಷ್ಟರೊಳಗೆ.

ಮಿನಾಜ್

*

ರಾಯಚೂರು
7 ಏಪ್ರಿಲ್ 2024

ಮಿನಾಜ್,

ಶುಕ್ರವಾರ ಡ್ಯೂಟಿ ಮುಗಿಸಿ ಮಹಾಂತಯ್ಯ ಕಾಕಾನ ಮನೆಗೆ ಹೋದೆ. ಬ್ಯಾಂಕಿನವರು ಟೈಪು ಮಾಡಿಸಿ ಕೊಟ್ಟ ಹಾಳೆ ಕೈಯಲ್ಲಿತ್ತು. ಅವರ ಮನೆಯವರು ಹಂಪಮ್ಮ ಚಿಗವ್ವ ಚಹಾ ಕೊಟ್ಟರು. ನಾನು ವಿಷಯ ಹೇಳಿದೆ. ನಿನ್ನ ಮಾನ್ವಿಯ ಮನೆಯ ಮಾತೂ ಹೇಳಿದೆ.

"ಓದವ್ವಾ ಅದನ್ನ," ಎಂದರು ಕಾಕಾ.

ಓದಿದೆ. ಸದರಿ ಕೋಣೆಯನ್ನು ಓಣಿಯ ಜನರು ಪೂಜೆ ಪ್ರಾರ್ಥನೆಗಾಗಿ ಎಂದೂ ಬಳಸಿರುವುದಿಲ್ಲ, ಅದರ ಮೇಲೆ ನಮ್ಮ ಯಾವ ಹಕ್ಕೂ ಇರುವುದಿಲ್ಲ ಎಂದಿತ್ತು.

"ಹಕ್ಕು ಇಲ್ಲ ಅನ್ನೂದು ಖರೆ. ಅದು ಸಾಬ್ರ ಮನಿ. ಎಂದೂ ಬಳಸಿಲ್ಲ ಅಂತ ಅದ ಏನು?"

"ಅದ ರೀ ಕಾಕಾ."

"ನಮ್ಮಪ್ಪ ಈಭೂತಿ ಹಚ್ಚಿದ ಹಣಿ ಅಲ್ಲಿ ನೆಲಕ್ಕ ಹಚ್ಚ್ಯಾನ. ನಾ ಎಂದೂ ಇಲ್ಲ ಅಂತ ಸಹಿ ಹಾಕಿದ್ರ, ಸತ್ತಾಂವನ್ನ ಸುಳ್ಳು ಮಾಡಿದಂಗ ಆಗ್ತದ."

"ಒಂದು ಸಹಿ ಹಾಕಿದ್ರ ನಿಮ್ಮ ಕೈ ಸವೀತದೇನು?" ಎಂದರು ಚಿಗವ್ವ ಒಳಗಿಂದ. "ಆ ಹುಡುಗಿ ಬಾಡಿಗಿ ಮನಿ ತಿರಿಗಿ ತಿರಿಗಿ ಸಾಕಾಗಿ ಹೋಗ್ಯಾಳ. ನಿಮಗ ಸತ್ತಾವ್ರದ ಚಿಂತಿ."

"ನೀ ಸುಮ್ಮಕಿರು."

"ಸುಮ್ಮಕ ಇದ್ದೀನಿ ಅಂತನ ನಿಮ್ಮ ಸಂಸಾರ ನಡದದ."

ಕಾಕಾ ನಗಲಿಲ್ಲ. ಎಂದೂ ಬಳಸಿಲ್ಲ ಅನ್ನುವುದನ್ನು ತೆಗೆಸಿ, ಇನ್ನು ಮುಂದೆ ಬಳಸುವುದಿಲ್ಲ ಎಂದು ಬರೆಸಿಕೊಂಡು ಬಂದರೆ ಆದೀತೇ ಎಂದು ಕೇಳಿದೆ. "ಮುಂದಿಂದು ನನ್ನ ಕೈಯಾಗ ಇಲ್ಲ. ನಾ ಹೋಗಂಗಿಲ್ಲ ಅಂತ ಬರೀತೀನಿ. ಮಂದಿ ಪರವಾಗಿ ಹ್ಯಾಂಗ ಬರೀಲಿ? ಹೋಗಿ ಯಂಕಮ್ಮನ್ನ ಕೇಳು," ಎಂದರು.

ಯಂಕಮ್ಮನ ಹತ್ತಿರವೂ ಹೋದೆ. ಅವಳು ಕಡಲೆ ಹಸನ ಮಾಡುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಪೀರ ಎಲ್ಲಿಗೆ ಹ್ವಾದ ಅಂತ ನಾನ ನಿನ್ನ ಕೇಳಬೇಕಂತಿದ್ದೆ," ಎಂದಳು. "ಮೊನ್ನಿ ಜಹೀರ ಪೆಟಗಿ ತೊಗೊಂಡು ಆಟೋದಾಗ ಕುಂತು ಹ್ವಾದ. ನಾವು ಬಾಗಲದಾಗ ನಿಂತು ನೋಡಿದ್ವಿ. ನೀ ಆವತ್ತು ಎಲ್ಲರ ಮುಂದ ಏನು ಅಂದಿದ್ದಿ ಬೇ?"

ಸಹಿ ಕೇಳದೆ ಹಾಳೆ ಮಡಚಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆ. ಮಿನಾಜ್, ಅವರು ಯಾರೂ ನಿನಗೆ ಕೆಟ್ಟದ್ದು ಬಯಸಿಲ್ಲ. ಅವರಿಗೆ ಆ ಕೋಣೆ ಬೇಕು, ಅಷ್ಟೇ. ಅದು ಬೇಡವಾಗಿದ್ದರೆ ಸಹಿ ಎಂದೋ ಬಿದ್ದಿರುತ್ತಿತ್ತು.

ನಮ್ಮವರು ರಾಯಚೂರಿನಲ್ಲೇ ಬೇರೆ ಕಡೆ ನೋಡುತ್ತಿದ್ದಾರೆ. ನಾನು ಬೇಡ ಅಂದಿಲ್ಲ. ಹೂಂ ಅಂತಲೂ ಅಂದಿಲ್ಲ. ಅಕ್ಬರಿ ಬೇಗಂ ಇನ್ನೊಂದು ತಿಂಗಳು ತಡೆಯುತ್ತಾರಾ?

ಸುನಂದಾ

*

ಮಾನ್ವಿ
3 ಮೇ 2024

ಸುನಂದಾಳಿಗೆ,

ಅಪ್ಪನ ಮನೆ ಮಾರಾಟವಾಯಿತು. ಸೋಮವಾರ ದೇವದುರ್ಗಕ್ಕೆ ಹೋಗಿ ನಾನೂ ಸಹಿ ಹಾಕಿ ಬಂದೆ. ನಿನ್ನ ಆಸ್ಪತ್ರೆಯ ಮುಂದೆಯೇ ಆಟೋ ಹೋಯಿತು, ನಿಲ್ಲಿಸಲಿಲ್ಲ.

ಕೊಂಡವರು ಹುಸೇನಪ್ಪ, ಅಕ್ಕಿ ವ್ಯಾಪಾರದವರು. ನಿನಗೆ ಗೊತ್ತಿರಬಹುದು. ಅವರಿಗೆ ಬ್ಯಾಂಕು ಬೇಕಿಲ್ಲ, ಹಾಗಾಗಿ ಎಂಜಿನಿಯರೂ ಬೇಕಿಲ್ಲ, ಓಣಿಯವರ ಸಹಿಯೂ ಬೇಕಿಲ್ಲ. ಆದರೆ ಬ್ಯಾಂಕು ಹದಿನಾಲ್ಕು ಬರೆದಿದೆ ಎಂಬುದು ಅವರ ಕಿವಿಗೆ ಹೇಗೋ ಬಿದ್ದಿತ್ತು. "ಬ್ಯಾಂಕಿನವ್ರು ಬಿಟ್ಟ ಮಾಲು," ಎಂದು ಜಹೀರನಿಗೆ ಹೇಳಿ ಹನ್ನೆರಡರಿಂದ ಮೇಲೆ ಏರಲಿಲ್ಲ. ಬೇರೆ ಇಬ್ಬರು ನೋಡಲು ಬಂದವರೂ ಮೊದಲು ಅದನ್ನೇ ಕೇಳಿದರಂತೆ. ಒಮ್ಮೆ ಒಬ್ಬರು ಬರೆದ ಮೇಲೆ ಅದು ಮನೆಗೆ ಅಂಟಿಕೊಂಡುಬಿಡುತ್ತದೆ. ಜಹೀರನೂ ಅಂಗಡಿಯ ಬಾಡಿಗೆ ಬಾಕಿ ಉಳಿಸಿಕೊಂಡಿದ್ದಾನೆ, ಅವನು ಕಾಯುವಂತಿರಲಿಲ್ಲ.

ಹುಸೇನಪ್ಪನವರು ನನ್ನನ್ನು ನೋಡಿ, "ನಮ್ಮವ್ವ ನಿಮ್ಮ ಮನಿ ಪೀರಗ ಬೇಡಿಕೊಂಡು ನಾ ಹುಟ್ಟಿದ್ದು ತಂಗೀ, ಅದಕ್ಕ ಈ ಹೆಸರು," ಎಂದರು. ನಾನು ಅವರ ತುಟಿಯನ್ನೇ ನೋಡುತ್ತಿದ್ದೆ. ಚೆನ್ನಾಗಿ ಮಾತಾಡಿದರು. ಮುಂದಿನ ಭಾಗ ಕೆಡವಿ ಗೋಡೌನು ಮಾಡುತ್ತಾರಂತೆ, ಲಾರಿ ಓಣಿಯವರೆಗೆ ಬರಬೇಕಂತೆ.

ನನ್ನ ಪಾಲಿಗೆ ನಾಲ್ಕು ಬಂತು. ಅಕ್ಬರಿ ಬೇಗಂಗೆ ಹೋಗಿ ಹೇಳಿದೆ. ಕರಾರಿನ ಪ್ರಕಾರ ಮುಂಗಡವನ್ನು ಪೂರ್ತಿ ಇಟ್ಟುಕೊಳ್ಳಬಹುದಿತ್ತು, ಅರ್ಧ ವಾಪಸ್ ಕೊಟ್ಟರು. ಬೇರೆಯವರು ಸಿಗುವವರೆಗೆ ಇರು ಎಂದಿದ್ದಾರೆ.

ನೀನು ಕೇಳಿದ್ದೆ, ಇನ್ನೊಂದು ತಿಂಗಳು ತಡೆಯುತ್ತಾರಾ ಎಂದು. ತಡೆದಿದ್ದರು.

ಮಿನಾಜ್

*

ರಾಯಚೂರು
21 ಜುಲೈ 2024

ಪ್ರೀತಿಯ ಮಿನಾಜ್,

ಮೇ ತಿಂಗಳ ನಿನ್ನ ಕಾಗದಕ್ಕೆ ಕೂಡಲೇ ಉತ್ತರ ಬರೆಯಬೇಕಿತ್ತು. ಕೊನೆಯ ಸಾಲನ್ನು ಓದಿದಾಗಲೆಲ್ಲ ಪೆನ್ನು ಕೆಳಗಿಟ್ಟೆ. ಜೂನ್‌ನಲ್ಲಿ ಬರೆದ ಎರಡು ಕಾಗದ ನಿನಗೆ ತಲುಪಿವೆ ಅಂತ ತಿಳಿದುಕೊಂಡಿದ್ದೇನೆ.

ಮೊನ್ನೆ ಮೊಹರಂ ಆಯಿತು. ನಿಮ್ಮ ಮನೆಯ ಮುಂದಿನ ಅರ್ಧ ಈಗ ಬಯಲು. ಕಲ್ಲುಗಳನ್ನು ಒಂದು ಕಡೆ ಒಟ್ಟಿದ್ದಾರೆ, ಮಾಳಿಗೆಯ ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿದರು. ಯಂಕಮ್ಮ ಮತ್ತೆ ಕೆಲವರು ಸಕ್ಕರೆ ತೆಗೆದುಕೊಂಡು ಮಸೀದಿಯ ಕಡೆಗೇ ಹೋದರು. ಅಲ್ಲಿ ಬಹಳ ಜನ, ಹೆಂಗಸರು ಹೊರಗೆ ನಿಂತು ಬಂದರಂತೆ. ಮಹಾಂತಯ್ಯ ಕಾಕಾ ಹೋಗಲಿಲ್ಲ. ನನ್ನನ್ನು ಕಂಡರೆ ಮಾತಾಡಿಸುತ್ತಾರೆ. ಮುಂಚಿನ ಹಾಗೆ ಅಲ್ಲ.

ನಾವು ರಾಯಚೂರಿನಲ್ಲಿ ಮನೆ ತೆಗೆದುಕೊಂಡೆವು, ಹೊಸ ಬಡಾವಣೆಯಲ್ಲಿ. ಇದಕ್ಕೂ ಅಂಬಣ್ಣನವರೇ ಬಂದಿದ್ದರು. ಬೇಗನೇ ಮುಗಿಯಿತು. ಸುತ್ತಲೂ ಯಾರೂ ಇನ್ನೂ ಮನೆ ಕಟ್ಟಿಲ್ಲ, ಮಾತಾಡಲು ಯಾರೂ ಬರಲಿಲ್ಲ. ನಾವು ಕೊಟ್ಟದ್ದಕ್ಕಿಂತ ಒಂದೂವರೆ ಲಕ್ಷ ಹೆಚ್ಚೇ ಬರೆದರು. ನಮ್ಮವರು ಬಹಳ ದಿನಗಳ ಮೇಲೆ ನಕ್ಕರು. ಟೇಪು ಸುತ್ತುತ್ತಾ ಅಂಬಣ್ಣನವರು, "ದೇವದುರ್ಗದ್ದು ಏನಾತ್ರಿ?" ಎಂದು ಕೇಳಿದರು. ಹೇಳಿದೆ. "ನೀವು ಆ ಬಾಗಲ ತೆಗೀಲಿಲ್ಲ ಅಂದ್ರ ನಾನು ಅದನ್ನ ಸಾದಾ ಕೋಣಿ ಅಂತ ಬರೀತಿದ್ದೆ ರೀ. ನೀವು ತೆಗದ್ರಿ. ನೋಡಿದ್ದು ಬಿಟ್ಟು ಬರಿಯಾಕ ಬರಂಗಿಲ್ಲ," ಎಂದರು.

ಅವರು ಹಾಗೆಂದಾಗಿನಿಂದ ನಿದ್ದೆ ಸರಿಯಿಲ್ಲ. ಬಸ್ಸು ಈಗಲೂ ಹಿಡಿಯುತ್ತೇನೆ. ಇನ್ನು ನಿವೃತ್ತಿಯವರೆಗೂ.

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡ. ನನ್ನ ಹೆಸರಿನಲ್ಲಿ ಪೋಸ್ಟಾಫೀಸಿನಲ್ಲಿ ಸ್ವಲ್ಪ ಇದೆ, ಬಹಳವಲ್ಲ. ನಿನ್ನ ನಾಲ್ಕರ ಜೊತೆಗೆ ಸೇರಿಸಿದರೆ ಅಕ್ಬರಿ ಬೇಗಂ ಇನ್ನೊಮ್ಮೆ ಯೋಚಿಸಬಹುದೇನೋ. ನಮ್ಮವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಒಂದು ಸಾಲು ಬರೆ.

ನಿನ್ನ
ಸುನಂದಾ

*

ಮಾನ್ವಿ
2 ಸೆಪ್ಟೆಂಬರ್ 2024

ಸುನಂದಾ,

ನಿನ್ನ ಮೂರೂ ಕಾಗದ ತಲುಪಿವೆ. ಪೋಸ್ಟಾಫೀಸಿನದು ಅಲ್ಲೇ ಇರಲಿ. ನೀನು ಕೇಳುವ ಹೊತ್ತಿಗೆ ಈ ಮನೆಯ ಮಾತು ಬೇರೆಯವರೊಂದಿಗೆ ಆಗಿತ್ತು. ಸಿರವಾರದ ಕಡೆಯ ಒಬ್ಬ ಹೈಸ್ಕೂಲು ಮಾಸ್ತರು. ಗಂಡ ಹೆಂಡತಿ, ಚಿಕ್ಕ ಮಗು. ಅವರೂ ಬ್ಯಾಂಕಿನ ಸಾಲದಲ್ಲೇ ಕೊಳ್ಳುತ್ತಿದ್ದಾರೆ.

ಹೋದ ಗುರುವಾರ ಅವರ ಬ್ಯಾಂಕಿನಿಂದ ಅಳೆಯಲು ಬಂದಿದ್ದರು. ಚಿಕ್ಕ ವಯಸ್ಸಿನ ಎಂಜಿನಿಯರ್, ಮುದಸ್ಸಿರ್ ಅಂತ. ಅಕ್ಬರಿ ಬೇಗಂ ಸಿಂಧನೂರಿನಲ್ಲಿದ್ದರು. ಮನೆಯಲ್ಲಿ ನಾನೊಬ್ಬಳೇ. ಟೇಪಿನ ಇನ್ನೊಂದು ತುದಿ ಹಿಡಿಯುವವರು ಬೇಕಿತ್ತು, ನಾನೇ ಹಿಡಿದೆ. ಎರಡು ಕೋಣೆ, ಬಚ್ಚಲು, ಅಂಗಳ. ಗೋಡೆಗೆ ಒತ್ತಿ ಹಿಡಿರಿ ಆಪಾ ಅನ್ನುತ್ತಿದ್ದ, ನನಗೆ ಕೇಳಿಸದಿದ್ದಾಗ ಕೈಸನ್ನೆ ಮಾಡುತ್ತಿದ್ದ. ಇಷ್ಟು ವರ್ಷ ಇದ್ದು ಈ ಮನೆಯ ಅಗಲವೆಷ್ಟು ಉದ್ದವೆಷ್ಟು ಅಂತ ನನಗೆ ಮೊನ್ನೆ ಗೊತ್ತಾಯಿತು.

ಹಿಂದಿನ ಗೋಡೆಗೆ ಮಳೆಗಾಲದಲ್ಲಿ ಪಕ್ಕದ ಮನೆಯ ಚರಂಡಿ ನೀರು ಏರುತ್ತದೆ. ಮೊಣಕಾಲೆತ್ತರಕ್ಕೆ ಹಸಿ ಬರುತ್ತದೆ. ಅಕ್ಬರಿ ಬೇಗಂ ಹೋಗುವ ಮುಂಚೆ ಸುಣ್ಣ ಹೊಡೆಸಿ ಹೋಗಿದ್ದಾರೆ. ಅಲ್ಲಿ ನನ್ನ ಟ್ರಂಕು ಇಟ್ಟಿದ್ದೆ. ಅವನು ಟ್ರಂಕನ್ನು ನೋಡಿ, ನನ್ನ ಮುಖಕ್ಕೆ ಎದುರಾಗಿ ನಿಂತು, ತುಟಿ ಬಿಡಿಸಿ ಕೇಳಿದ: "ಮನಿದು ಏನರ ತಕರಾರು ಅದ ಏನು ಆಪಾ? ನೀವು ಇದ್ದಾವ್ರು, ನಿಮಗ ಗೊತ್ತಿರ್ತದ."

ನಾನು ಹೇಳಿದ್ದರೆ ಅಕ್ಬರಿ ಬೇಗಂಗೆ ಬೆಲೆ ಬೀಳುತ್ತಿತ್ತು, ಮಾಸ್ತರರಿಗೆ ಸಾಲ ನಿಲ್ಲುತ್ತಿತ್ತು. ಯಾರಿಗೆ ಗೊತ್ತು, ನನ್ನ ನಾಲ್ಕಕ್ಕೆ ಆಗ ಮನೆ ಎಟುಕುವಷ್ಟು ಇಳಿಯುತ್ತಿತ್ತೇನೋ. ಇದೆಲ್ಲ ಅವನು ನಿಂತಷ್ಟು ಹೊತ್ತಿನಲ್ಲೇ ನನಗೆ ಹೊಳೆದಿತ್ತು. ಆ ಮಗುವಿನ ತಾಯಿ ಹಿಂದಿನ ವಾರ ಬಂದಾಗ ಕಿಟಕಿಯ ಕೆಳಗೆ ನಿಂತು, ಇಲ್ಲಿ ತೊಟ್ಟಿಲು ಅಂದಿದ್ದಳು.

"ಏನಿಲ್ಲಪ್ಪಾ," ಎಂದೆ.

ಅವನು ಬರೆದುಕೊಂಡ. ಆಮೇಲೆ, "ಮನಿ ಯಾವಾಗ ಖಾಲಿ ಮಾಡ್ತೀರಿ? ಅದೂ ಬರೀಬೇಕು," ಎಂದ. ಸೆಪ್ಟೆಂಬರ್ ಕೊನೆಗೆ ಎಂದೆ. ಅದನ್ನೂ ಬರೆದುಕೊಂಡ. ಚಹಾ ಕೊಟ್ಟೆ, ಕುಡಿದು ಹೋದ. ನಿನ್ನೆ ಮಾಸ್ತರರು ಬಂದು, ಬ್ಯಾಂಕು ಪೂರ್ತಿ ಒಪ್ಪಿತು ಎಂದು ಪೇಡೆ ಕೊಟ್ಟು ಹೋದರು. ಮುಂದಿನ ಮಳೆಗಾಲದಲ್ಲಿ ಅವರು ನನ್ನನ್ನು ನೆನೆಯುತ್ತಾರೆ.

ಬೇರೆ ಮನೆ ಇನ್ನೂ ಸಿಕ್ಕಿಲ್ಲ. ಒಬ್ಬಳೇ ಹೆಂಗಸು, ಹೊಲಿಗೆ ಮಷೀನು, ಕಿವಿ ಕೇಳಿಸುವುದಿಲ್ಲ ಅಂದ ಕೂಡಲೇ ಬಾಡಿಗೆ ಹೆಚ್ಚಾಗುತ್ತದೆ. ಜಹೀರ್ ತನ್ನ ಅಂಗಡಿಯ ಮೇಲಿನ ಕೋಣೆ ಖಾಲಿಯಿದೆ ಎಂದಿದ್ದಾನೆ. ಅವನ ಹೆಂಡತಿ ಏನೂ ಅಂದಿಲ್ಲ. ರಾಯಚೂರಿಗೆ ಬಂದರೂ ಬರಬಹುದು. ಬರದೆಯೂ ಇರಬಹುದು.

ಈ ವಿಳಾಸಕ್ಕೆ ಇನ್ನು ಬರೆಯಬೇಡ. ಮಾಸ್ತರರ ಹೆಂಡತಿ ಒಳ್ಳೆಯವಳು, ಕಾಗದ ಬಂದರೆ ಎತ್ತಿಡುತ್ತಾಳೆ. ಅದನ್ನು ಕೇಳಿಕೊಂಡು ನಾನು ಈ ಬಾಗಿಲಿಗೆ ಬರಲಾರೆ.

ಮಿನಾಜ್